ಬಾಯಿ ನನ್ನದು, ಕೈ ಸರ್ಕಾರದ್ದು

ಬಾಯಲ್ಲಿ ಒಂದು ಸಂಖ್ಯೆ ಹೇಳಿ ಕಾಗದದ ಮೇಲೆ ಇನ್ನೊಂದನ್ನು ಬರೆಯುವ ಮನುಷ್ಯನನ್ನು ಪ್ರಾಮಾಣಿಕನೆಂದು ಕರೆಯಬಹುದೆ? ಈ ಪ್ರಶ್ನೆಗೆ ಇದನ್ನು ಬರೆಯುವವರ ಬಳಿ ಉತ್ತರವಿರಲಿಲ್ಲ. ಆ ಮನುಷ್ಯನ ತೊಡೆಯ ಮೇಲೆ ಆಡಿ ಬೆಳೆದ, ಆತನದೇ ತಂಗಿಯ ಮಗಳ ಬಳಿಯೂ ಹನ್ನೊಂದು ವರ್ಷ ಇರಲಿಲ್ಲ. ಹೌದು ಎನ್ನೋಣವೆಂದರೆ ಕಿವಿಯಾರೆ ಕೇಳಿದ್ದು, ಕಣ್ಣಾರೆ ಕಂಡದ್ದು ಅಡ್ಡ ಬರುತ್ತಿತ್ತು. ಅಲ್ಲ ಎನ್ನೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ.

ಆ ಮನುಷ್ಯ ವಿಜ್ಞಾನಿಯಲ್ಲ. ವಿಜ್ಞಾನಿಗಳು ಕೆಲಸ ಮಾಡುವ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಮೂವತ್ತೆಂಟು ವರ್ಷ ಉಷ್ಣಮಾಪಕಗಳನ್ನು ಪರೀಕ್ಷಿಸಿದ ನೌಕರ. ಕಟ್ಟಡಕ್ಕೆ ಮೂರು ಅಂತಸ್ತು. ಮೊದಲನೆಯದರಲ್ಲಿ ಭೌತಶಾಸ್ತ್ರದವರು, ಎರಡನೆಯದರಲ್ಲಿ ಹವಾಮಾನದವರು, ಮೂರನೆಯದರಲ್ಲಿ ವೈದ್ಯರು. ‘ಸಂಶೋಧನೆಯಿಂದ ತಿಳಿದುಬಂದಿದೆ’ ಎಂದು ಪತ್ರಿಕೆಯಲ್ಲಿ ಓದುವಾಗ ಆ ತಿಳಿವಳಿಕೆ ಎಲ್ಲೋ ಎತ್ತರದಿಂದ ಇಳಿದು ಬಂತೆಂದು ನಮಗೆ ಅನಿಸುತ್ತದೆ. ಆ ಕಟ್ಟಡದ ಮಟ್ಟಿಗೆ ಅದು ಹದಿನಾಲ್ಕು ಮೆಟ್ಟಿಲು ಕೆಳಗಿನಿಂದ ಹತ್ತಿಕೊಂಡು ಬರುತ್ತಿತ್ತು. ಮೇಲಿನವರು ಅಳೆದದ್ದೆಲ್ಲ ನಿಜವೋ ಸುಳ್ಳೋ ಎಂಬುದು, ಅಳೆದ ಗಾಜಿನ ಕಡ್ಡಿ ನಿಜ ಹೇಳುತ್ತಿದೆಯೇ ಎಂಬುದರ ಮೇಲೆ ನಿಂತಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಶುದ್ಧೀಕರಿಸಿದ ನೀರಿನ ಮಂಜುಗಡ್ಡೆಯನ್ನು ಸಣ್ಣಗೆ ಕುಟ್ಟಿ, ಅಗಲ ಬಾಯಿಯ ಗಾಜಿನ ಪಾತ್ರೆಗೆ ತುಂಬಿ, ಸ್ವಲ್ಪ ತಣ್ಣೀರು ಬೆರೆಸಿ, ಅದರಲ್ಲಿ ಉಷ್ಣಮಾಪಕವನ್ನು ನೆಟ್ಟಗೆ ನಿಲ್ಲಿಸುವುದು. ಅರ್ಧ ಗಂಟೆಯಲ್ಲಿ ಪಾದರಸ ಸೊನ್ನೆಯ ಗೆರೆಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ಎಂಬುದನ್ನು ಭೂತಗನ್ನಡಿಯಲ್ಲಿ ಓದಿ, ಆ ಮಾಪಕದ ಹೆಸರಿನ ಕಾರ್ಡಿನಲ್ಲಿ ‘ತಿದ್ದುಪಡಿ’ ಎಂದು ಬರೆದಿಡುವುದು. ಅಂದಿನಿಂದ ಆ ಮಾಪಕ ಏನೇ ಹೇಳಿದರೂ ಅಷ್ಟನ್ನು ಕೂಡಿಸಿ ಅಥವಾ ಕಳೆದು ನಂಬಬೇಕು. ಮಾಪಕದ ಗೆರೆಗಳು ಡಿಗ್ರಿಯ ಹತ್ತನೇ ಒಂದು ಪಾಲಿಗೊಂದರಂತೆ ಇರುತ್ತವೆ. ಎರಡು ಗೆರೆಗಳ ನಡುವಿನ ಕೂದಲೆಳೆಯಷ್ಟು ಜಾಗವನ್ನು ಮತ್ತೆ ಹತ್ತು ಪಾಲು ಮಾಡಿ ಓದುವುದು ಕಣ್ಣಳತೆಯ ಕೆಲಸ. ಸೊನ್ನೆಯೇ ಕಸುಬಾದ್ದರಿಂದ ಮೂರೂ ಅಂತಸ್ತಿನವರು ಅವರನ್ನು ‘ಸೊನ್ನೆ ಮೇಷ್ಟ್ರು’ ಎನ್ನುತ್ತಿದ್ದರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಆದರೆ ಆ ಕೋಣೆಗಿಳಿದ ದೊಡ್ಡ ದೊಡ್ಡ ವಿದ್ವಾಂಸರೂ ಯಾಕೋ ಕೈಯನ್ನು ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು.

ಕೋಣೆಗೆ ಕಿಟಕಿಯಿರಲಿಲ್ಲ. ಒಂದು ಕಲ್ಲಿನ ಮೇಜು, ಮಂಜುಗಡ್ಡೆ ಕುಟ್ಟುವ ಮರದ ಕೊಡತಿ, ಗೋಡೆಯುದ್ದಕ್ಕೂ ಕಾರ್ಡು ತುಂಬಿದ ಮರದ ಡ್ರಾಯರುಗಳು. ನಿಯಮಗಳು ಎರಡೇ. ಮೊದಲನೆಯದು, ಪಾತ್ರೆಯ ಮೇಲೆ ಬಗ್ಗಿ ಮಾತಾಡಕೂಡದು, ಏಕೆಂದರೆ ಉಸಿರು ಬಿಸಿ. “ಮಾತಾಡೋದಿದ್ರೆ ಬಾಗಿಲ ಹತ್ತಿರ ಹೋಗಿ. ನನ್ನ ಐಸ್‌ಗೆ ನಿಮ್ಮ ಕಥೆ ಬೇಡ,” ಎನ್ನುತ್ತಿದ್ದರು. ಎರಡನೆಯದು, ಮಾಪಕ ತಂದವರೇ ಮೊದಲು ಓದಬೇಕು. ಓದಿದ್ದನ್ನು ಚೀಟಿಯಲ್ಲಿ ಬರೆದು ಮಡಿಸಿ ಮೇಜಿನ ಮೇಲಿಡಬೇಕು. ಆಮೇಲೆ ಮೇಷ್ಟ್ರು ಓದಿ, ಕಾರ್ಡಿನಲ್ಲಿ ಬರೆದು, ಕೊನೆಗೆ ಚೀಟಿ ಬಿಚ್ಚಬೇಕು. ಎರಡೂ ಹತ್ತಿರ ಬಂದರೆ ಮೇಷ್ಟ್ರ ಸಂಖ್ಯೆ ನಿಲ್ಲುತ್ತದೆ. ದೂರ ಹೋದರೆ ಮಂಜುಗಡ್ಡೆ ಚೆಲ್ಲಿ ಮೊದಲಿನಿಂದ ಶುರು. ಯಾರಾದರೂ “ನೀವು ಓದಿದ್ರೆ ಸಾಕಲ್ಲ ಮೇಷ್ಟ್ರೆ, ನಿಮ್ಮ ಮೇಲೆ ನಂಬಿಕೆ ಇದೆ,” ಎಂದರೆ, “ನಂಬಿಕೆ ಇದ್ರೆ ದೇವಸ್ಥಾನ ಮೂರನೇ ರಸ್ತೇಲಿದೆ. ಇಲ್ಲಿ ಚೀಟಿ ಬರೀಬೇಕು,” ಎನ್ನುವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಎಲ್ಲರೂ ಆಡುತ್ತಾರೆ. ಅದನ್ನೇ ಸಂಬಳದ ಕೆಲಸ ಮಾಡಿಕೊಂಡವರು ಅವರೊಬ್ಬರೇ.

ಬಾಗಿಲಿನ ಒಳಗಡೆ ಒಂದು ಹಲಗೆ ತೂಗುತ್ತಿತ್ತು. ‘ಈ ಕೋಣೆಯಲ್ಲಿ ಆದ ತಪ್ಪುಗಳು’ ಎಂಬ ತಲೆಬರಹದ ಕೆಳಗೆ ತಾರೀಖಿನ ಸಮೇತ ಏಳು ಸಾಲು. ನಲ್ಲಿ ನೀರಿನ ಮಂಜುಗಡ್ಡೆ ಬಳಸಿ ಒಳ್ಳೆಯ ಮಾಪಕವೊಂದನ್ನು ಕೆಟ್ಟದ್ದೆಂದು ವಾಪಸು ಕಳಿಸಿದ್ದು ಅದರಲ್ಲಿ ಮೊದಲನೆಯದು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಮೇಷ್ಟ್ರು ತಮ್ಮ ಬೆನ್ನನ್ನು ಬಾಗಿಲಿಗೇ ತೂಗುಹಾಕಿದ್ದರು.

ಮೇಲಿನವರಿಗೆ ಅವರೆಂದರೆ ಗೌರವದ ಜೊತೆಗೆ ಅಷ್ಟಿಷ್ಟು ದಿಗಿಲು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಯಾವ ಸಂಶೋಧಕನಿಗೂ ತನ್ನ ಫಲಿತಾಂಶ ಮುದ್ದು. ಆ ಮುದ್ದನ್ನು ಐಸಿನಲ್ಲಿ ಮುಳುಗಿಸುವವರು ಇವರು. ಮೊದಲ ಅಂತಸ್ತಿನ ಪ್ರಾಧ್ಯಾಪಕರೊಬ್ಬರು, ತಾವು ತಯಾರಿಸಿದ ದ್ರವವೊಂದು ದಿನವೂ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ವಿಚಿತ್ರವಾಗಿ ಹಿಗ್ಗುತ್ತದೆಂದು ಕಂಡುಹಿಡಿದು ಹಿಗ್ಗಿಹೋಗಿದ್ದರು. ಮೇಷ್ಟ್ರು ಮಾಪಕದ ನೆಪದಲ್ಲಿ ಮೇಲೆ ಹೋಗಿ, ಕೋಣೆಯಲ್ಲಿ ಒಂದು ಸುತ್ತು ನಿಂತು ನೋಡಿ, “ಸರ್, ನಿಮ್ಮ ಹೊಸ ನಿಯಮಕ್ಕೆ ಒಂದು ಪರದೆ ಹಾಕಿ ನೋಡಿ,” ಎಂದು ಬಂದರು. ಬಿಸಿಲು ಬೀಳುತ್ತಿದ್ದ ಪಡುವಣ ಕಿಟಕಿಗೆ ಪರದೆ ಬಿತ್ತು. ನಿಯಮ ಅಂದೇ ಮಲಗಿತು.

ವೈದ್ಯರದು ಇನ್ನೂ ದೊಡ್ಡ ಪ್ರಸಂಗ. ಹೊಸ ಮಾತ್ರೆ ಕೊಟ್ಟ ವಾರ್ಡಿನಲ್ಲಿ ಜ್ವರ ಬೇಗ ಇಳಿಯುತ್ತದೆಂದು ಮೂರನೇ ಅಂತಸ್ತಿನ ಡಾಕ್ಟರು ವರ್ಷವಿಡೀ ಲೆಕ್ಕ ಹಾಕಿದ್ದರು. ಜ್ವರದ ಮಾಪಕಗಳಿಗೆ ಮಂಜುಗಡ್ಡೆ ನಡೆಯುವುದಿಲ್ಲ. ಹದವಾದ ಬಿಸಿನೀರಿನ ತೊಟ್ಟಿಯಲ್ಲಿ ನಂಬಿಕಸ್ಥ ಮಾಪಕದ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಹಾಗೆ ನೋಡಿದಾಗ ಆ ವಾರ್ಡಿಗೆ ಕೊಟ್ಟಿದ್ದ ಒಂದು ಡಬ್ಬಿಯ ಮಾಪಕಗಳೆಲ್ಲ ಅರ್ಧ ಡಿಗ್ರಿಯಷ್ಟು ಕಡಿಮೆ ಹೇಳುತ್ತಿದ್ದವು.

“ಅಂದ್ರೆ ನನ್ನ ಮಾತ್ರೆ ಕೆಲಸ ಮಾಡಲ್ಲ ಅಂತೀರಾ?” ಡಾಕ್ಟರು ಹದಿನಾಲ್ಕು ಮೆಟ್ಟಿಲನ್ನು ಏಳೇ ಹೆಜ್ಜೆಯಲ್ಲಿ ಇಳಿದು ಬಂದಿದ್ದರು.

“ಮಾತ್ರೆ ವಿಷಯ ನಂಗೆ ಗೊತ್ತಿಲ್ಲ ಡಾಕ್ಟ್ರೆ. ರೋಗೀಗೆ ಜ್ವರ ಇಳೀತೋ ಬಿಟ್ಟಿತೋ, ಈ ಗಾಜಿಗಂತೂ ಇಳಿದಿದೆ.”

ಸರಿಯಾದ ಮಾಪಕಗಳಿಂದ ಇನ್ನೊಂದು ವರ್ಷ ನೋಡಿದ ಮೇಲೆ, ಆ ಮಾತ್ರೆ ಸಕ್ಕರೆಯ ಗುಳಿಗೆಗಿಂತ ಹೆಚ್ಚೇನೂ ಮಾಡುವುದಿಲ್ಲವೆಂದು ಗೊತ್ತಾಯಿತು. ಡಾಕ್ಟರು ಅದನ್ನೇ ಬರೆದು ಪ್ರಕಟಿಸಿದರು. ಮಾತ್ರೆ ಗೆದ್ದಿದ್ದರೆ ಬರುತ್ತಿದ್ದ ಹೆಸರಿನ ಕಾಲು ಭಾಗವೂ ಬರಲಿಲ್ಲ. ಆದರೆ ಆ ಕಥೆಯನ್ನು ಹೋದ ಸಭೆಯಲ್ಲೆಲ್ಲ ಅವರೇ ನಗುನಗುತ್ತ ಹೇಳುವಂತಾಯಿತು, ಮೇಷ್ಟ್ರ ಜೊತೆ ದಿನಕ್ಕೊಂದು ಲೋಟ ಚಹಾ ಕುಡಿಯುವಂತೆಯೂ ಆಯಿತು.

ಮನೆಯಲ್ಲಿ ಮೇಷ್ಟ್ರನ್ನು ಹಿಡಿಯುವವರು ಇದ್ದದ್ದು ಒಬ್ಬರೇ, ಅವರ ಹೆಂಡತಿ. “ಸ್ನಾನದ ನೀರು ಬಿಸಿ ಇದೆಯಾ ಅಂತ ಕೇಳಿದ್ರೆ, ‘ಯಾವುದಕ್ಕೆ ಹೋಲಿಸಿ?’ ಅಂತಾರೆ. ಅಷ್ಟು ಹೊತ್ತಿಗೆ ನೀರೇ ಆರಿಹೋಗಿರುತ್ತೆ,” ಎಂದು ಅವರು ಬಂದವರೆದುರು ದೂರುವರು. ದೂರುಗಳಲ್ಲಿ ಇನ್ನೆರಡು ಮುಖ್ಯವಾದವು. ಪ್ರತಿ ಭಾನುವಾರ ಬೆಳಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಐಸಿನ ಜಾಡಿಯೊಂದು ಕೂರುತ್ತಿತ್ತು. ಹೆಂಡತಿ ಒಂದು ಸಲ ಓದಿ ಚೀಟಿ ಬರೆಯಬೇಕು, ಗಂಡ ಒಂದು ಸಲ ಓದಿ ಚೀಟಿ ಬರೆಯಬೇಕು. ಅದಾದ ಮೇಲೆಯೇ ತಿಂಡಿ. “ಆರು ದಿನ ಅಲ್ಲಿ ಓದಿದ್ದು ಸಾಲದು, ಏಳನೇ ದಿನ ಕೈ ತುರಿಸುತ್ತೆ ಇವರಿಗೆ,” ಎಂಬುದು ಆಕೆಯ ವ್ಯಾಖ್ಯಾನ. ಎರಡನೆಯದು, ಐದು ವರ್ಷಕ್ಕೊಮ್ಮೆಯ ಪ್ರವಾಸ. “ಬೇರೆಯವರು ಹೆಂಡ್ತೀನ ಬೆಟ್ಟ ತೋರಿಸ್ತೀನಿ, ಸಮುದ್ರ ತೋರಿಸ್ತೀನಿ ಅಂತ ಕರಕೊಂಡು ಹೋಗ್ತಾರೆ. ನಮ್ಮವರು ಐದು ವರ್ಷಕ್ಕೊಂದ್ಸಲ ನೆಲಮಾಳಿಗೆ ತೋರಿಸ್ತಾರೆ. ಆಮೇಲೆ ಮೇಲೆ ಕರಕೊಂಡು ಹೋಗಿ, ಗೆರೆ ಅಳೆಯೋ ದುರ್ಬೀನು ಪಕ್ಕ ಕೂರಿಸಿ ಮಾಪಕಾನ ಐವತ್ತು ಸಲ ಓದಿಸ್ತಾರೆ. ಕೊನೇಗೆ ಕ್ಯಾಂಟೀನಲ್ಲಿ ಒಂದು ಬನ್ನು.”

“ಬನ್ನಿಗೆ ಬೆಣ್ಣೆ ಹಾಕ್ಸಿರ್ತೀನಿ, ಅದನ್ನ ಹೇಳಲ್ಲ ನೋಡು,” ಎಂದು ಮೇಷ್ಟ್ರು ಪತ್ರಿಕೆಯ ಹಿಂದಿನಿಂದ ಹೇಳುವರು.

ಈ ಸಂವಾದಗಳನ್ನೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದವಳು ತಂಗಿಯ ಮಗಳು. ಮಾತಿಗೆ ಮೊದಲು ‘ಯಾಕೆ’ ಎನ್ನುತ್ತಿದ್ದುದರಿಂದ ಸೋದರಮಾವ ಅವಳಿಗಿಟ್ಟ ಹೆಸರು ‘ಯಾಕಮ್ಮ’. ಮಾವನ ಡ್ರಾಯರುಗಳ ಕೆಳಗೆ ಆಡಿದ ಯಾಕಮ್ಮ ದೊಡ್ಡವಳಾಗಿ ಅದೇ ಕಟ್ಟಡದ ಎರಡನೇ ಅಂತಸ್ತಿಗೆ ಹವಾಮಾನ ಸಂಶೋಧಕಿಯಾಗಿ ಬಂದಳು. ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಂದರಿನ ಹವಾಮಾನ ಕೇಂದ್ರದ ನಲವತ್ತೊಂದು ವರ್ಷಗಳ ದಾಖಲೆಯನ್ನು ಓದಿದಳು. ಬೆಳಗಿನ ಜಾವದ ಉಷ್ಣತೆ ಆ ಅವಧಿಯಲ್ಲಿ ಒಂದು ಬಿಂದು ಒಂದು ಡಿಗ್ರಿಯಷ್ಟು ಏರಿದೆ, ವರ್ಷ ವರ್ಷವೂ ಒಂದೇ ಸಮನೆ ಏರಿದೆ ಎಂಬುದು ಅವಳ ಫಲಿತಾಂಶ. ಪ್ರಬಂಧ ಸ್ವೀಕೃತವಾಗಿತ್ತು. ಸೋಮವಾರ ಸಭಾಂಗಣದಲ್ಲಿ ಉಪನ್ಯಾಸ. ವಿಭಾಗದ ಮುಖ್ಯಸ್ಥರು ಆಹ್ವಾನ ಪತ್ರಿಕೆಯ ಮೇಲೆಯೇ ‘೧.೧ ಡಿಗ್ರಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಅವಳ ಕೆಲಸ ಕಾಯಂ ಆಗುವುದು ಆ ಉಪನ್ಯಾಸದ ಮೇಲೆ ನಿಂತಿತ್ತು. ಉಳಿದದ್ದು ಒಂದು ಸಣ್ಣ ಶಾಸ್ತ್ರ ಮಾತ್ರ: ದಾಖಲೆಗೆ ಬಳಸಿದ ಮಾಪಕ ಸರಿಯಿದೆಯೆಂಬ ಪ್ರಮಾಣಪತ್ರ. ನಲವತ್ತೊಂದು ವರ್ಷವೂ ಒಂದೇ ಮಾಪಕ. ಕೇಂದ್ರದ ಕಾವಲುಗಾರ ಅದನ್ನು ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದುಕೊಟ್ಟ.

ಬುಧವಾರ ಬೆಳಗ್ಗೆ ಯಾಕಮ್ಮ ಮೆಟ್ಟಿಲಿಳಿದಳು.

“ಮಾವ, ಒಂದು ಸೀಲು ಹಾಕಿಕೊಟ್ಟುಬಿಡಿ. ಮಧ್ಯಾಹ್ನದೊಳಗೆ ಕಳಿಸ್ಬೇಕು.”

“ಸೀಲು ಬೇಕಾದ್ರೆ ಪೋಸ್ಟಾಫೀಸಿಗೆ ಹೋಗು. ಇಲ್ಲಿ ಐಸ್ ಮಾತ್ರ ಸಿಗುತ್ತೆ.”

ಕೊಡತಿಯ ಸದ್ದು ಶುರುವಾಯಿತು. ಪಾತ್ರೆ ತುಂಬಿತು. ಅರ್ಧ ಗಂಟೆ ಕಳೆಯಿತು. ಯಾಕಮ್ಮ ಭೂತಗನ್ನಡಿ ಹಿಡಿದು ಬಗ್ಗಿದವಳು ಹಾಗೆಯೇ ನಿಂತುಬಿಟ್ಟಳು. ಪಾದರಸ ಸೊನ್ನೆಯಲ್ಲಿರಲಿಲ್ಲ. ಮೂರು ಗೆರೆ ಮೇಲಿತ್ತು. ಮೂರು ಗೆರೆಗಿಂತ ತುಸು ಮೇಲೆಯೋ, ಸರಿಯಾಗಿ ಮೂರೋ ಎಂಬುದನ್ನು ಕಣ್ಣು ಹೇಳಲಿಲ್ಲ, ಆಸೆ ಹೇಳಿತು. ‘ಸೊನ್ನೆ ಬಿಂದು ಮೂವತ್ತು’ ಎಂದು ಬರೆದು ಚೀಟಿ ಮಡಿಸಿದಳು. ಬರೆಯುವಾಗಲೇ ಆ ಸಂಖ್ಯೆಯನ್ನು ತಾನು ಓದಿದ್ದಕ್ಕಿಂತ ಬೇಡಿಕೊಂಡದ್ದೇ ಹೆಚ್ಚೆಂದು ಅವಳಿಗೆ ಗೊತ್ತಿತ್ತು.

ಮೇಷ್ಟ್ರು ಬಗ್ಗಿದರು. ಓದಿದರು. ಪಾತ್ರೆಗೆ ಉಸಿರು ತಾಕದಂತೆ ಮುಖವನ್ನು ಆಚೆ ತಿರುಗಿಸಿ, “ಮೂವತ್ತನಾಲ್ಕು,” ಎಂದು ತಮಗೆ ತಾವೇ ಎಂಬಂತೆ ಗೊಣಗಿದರು. ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಬರೆದರು. ಕೊನೆಯಲ್ಲಿ ಅವಳ ಚೀಟಿ ಬಿಚ್ಚಿ, “ಸರಿ, ಹತ್ತಿರ ಇದೆ,” ಎಂದು ಕಾರ್ಡನ್ನು ಅವಳ ಕಡೆ ತಳ್ಳಿದರು. ಕಾರ್ಡಿನಲ್ಲಿ ಇದ್ದದ್ದು ಮೂವತ್ತೊಂದು.

ಕಂಡಿತು. ಆದರೆ ಕಾಲ ಕೆಳಗಿನ ನೆಲವೇ ಜಾರುತ್ತಿರುವವಳಿಗೆ ಆಗ ಅದನ್ನು ಕೇಳುವ ವ್ಯವಧಾನವಿರಲಿಲ್ಲ. ಅವಳ ಒಂದು ಬಿಂದು ಒಂದರಲ್ಲಿ ಸುಮಾರು ಮೂರನೇ ಒಂದು ಪಾಲು ಎದ್ದು ಹೋಗಿತ್ತು.

“ಗಾಜು ನೋಡೋಕೆ ಕಲ್ಲಿನ ಹಾಗೆ,” ಎಂದರು ಮಾವ, ಸ್ಟೂಲನ್ನು ಅವಳ ಕಡೆ ಸರಿಸುತ್ತ. “ಆದ್ರೆ ವಯಸ್ಸಾದ ಹಾಗೆ ಅದೂ ಕುಗ್ಗುತ್ತೆ, ನಿಮ್ಮತ್ತೆ ಪ್ರಕಾರ ನಾನು ಕುಗ್ಗಿದ ಹಾಗೆ. ಕೆಳಗಿನ ಬುಡ್ಡಿ ಕುಗ್ಗಿದ್ರೆ ಪಾದರಸಕ್ಕೆ ಜಾಗ ಸಾಲಲ್ಲ. ಮೇಲೆ ಹೋಗುತ್ತೆ. ಗಾಳಿ ಬಿಸಿಯಾಗದಿದ್ರೂ ಹೋಗುತ್ತೆ.”

“ಹಾಗಾದ್ರೆ ನಾಲ್ಕು ವರ್ಷ ನಾನು ಅಳೆದಿದ್ದು ಗಾಜಿನ ಮುಪ್ಪನ್ನಾ?”

“ಒಂದು ಪಾಲು. ಉಳಿದ ಎರಡು ಪಾಲು ಗಾಳೀದೇ ಇರಬಹುದು. ಇರಬಹುದು ಅಂದೆ, ಇದೆ ಅನ್ನಲಿಲ್ಲ. ಅದನ್ನ ಹೇಳೋದು ನಿನ್ನ ಕೆಲಸ.”

ಅವರು ಡ್ರಾಯರಿನಿಂದ ‘ಬಂದರು’ ಎಂಬ ಹಳೆಯ ಕಾರ್ಡನ್ನೂ ತೆಗೆದುಕೊಟ್ಟರು. ಮಾಪಕ ಹೊಸದಾಗಿದ್ದಾಗ ತಿದ್ದುಪಡಿ ಸೊನ್ನೆ, ಆರನೆಯ ವರ್ಷ ಹದಿನಾರು. ಆಮೇಲೆ ಕೇಂದ್ರದವರು ಅದನ್ನು ಕಳಿಸುವುದನ್ನೇ ಮರೆತಿದ್ದರು. ಇದು ಆ ಕಸುಬಿನವರಷ್ಟೇ ಮಾಡಬಹುದಾದ ತಪ್ಪು. ಆಕಾಶವನ್ನು ದಿನಕ್ಕೆರಡು ಬಾರಿ ಅನುಮಾನಿಸುವವರು ಕೈಯಲ್ಲಿರುವ ಗಾಜನ್ನು ಮೂವತ್ತೈದು ವರ್ಷ ಅನುಮಾನಿಸಿರಲಿಲ್ಲ.

ಬಾಗಿಲ ಬಳಿ ಹೋದವಳು ತಿರುಗಿದಳು. “ಮಾವ, ನೀವು ಮೂವತ್ತನಾಲ್ಕು ಅಂದ್ರಿ. ಬರೆದಿದ್ದು ಮೂವತ್ತೊಂದು. ಯಾಕೆ?”

ಮೇಷ್ಟ್ರು ಕೊಡತಿ ಒರೆಸುತ್ತಿದ್ದರು. “ಬಾಯಿ ನಂದು ಕಣೇ ಯಾಕಮ್ಮ, ಕೈ ಸರ್ಕಾರದ್ದು,” ಎಂದು ನಕ್ಕರು. ಅಷ್ಟರಲ್ಲಿ ಡಾಕ್ಟರು ಒಂದು ಡಬ್ಬಿ ಮಾಪಕ ಹಿಡಿದು “ಚಹಾ ಆಯ್ತಾ?” ಎನ್ನುತ್ತ ಒಳಗೆ ಬಂದರು. ಮಾತು ಅಲ್ಲಿಗೇ ನಿಂತಿತು.

ಗುರುವಾರ, ಶುಕ್ರವಾರ ಯಾಕಮ್ಮ ತನ್ನ ಮೇಜು ಬಿಟ್ಟೇಳಲಿಲ್ಲ. ಗಾಜು ಮೊದಲ ವರ್ಷಗಳಲ್ಲಿ ಬೇಗ ಕುಗ್ಗುತ್ತದೆ, ಬರಬರುತ್ತ ನಿಧಾನಿಸುತ್ತದೆ. ಸೊನ್ನೆ, ಹದಿನಾರು, ಮೂವತ್ತೊಂದು ಎಂಬ ಮೂರು ಚುಕ್ಕೆಗಳ ಮೂಲಕ ಒಂದು ಬಾಗಿದ ಗೆರೆ ಎಳೆದು, ಪ್ರತಿ ವರ್ಷದ ಲೆಕ್ಕದಿಂದ ಆ ವರ್ಷದ ಗಾಜಿನ ಪಾಲನ್ನು ಕಳೆದಳು. ಶುಕ್ರವಾರ ಮಧ್ಯಾಹ್ನ ಪರದೆಯ ಮೇಲೆ ಮೂಡಿದ ಚಿತ್ರವನ್ನು ನೋಡಿ ಅವಳು ಮೊದಲು ನಂಬಲಿಲ್ಲ. ಒಂದೇ ಸಮನೆ ಏರುತ್ತಿದ್ದ ಗೆರೆ ಮಾಯವಾಗಿತ್ತು. ಮೊದಲ ಏಳೆಂಟು ವರ್ಷ ಹೆಚ್ಚುಕಡಿಮೆ ಸಮತಟ್ಟು. ಆಮೇಲೆ ಸ್ಪಷ್ಟವಾದ, ತಪ್ಪಿಸಿಕೊಳ್ಳಲಾಗದ ಏರು. ಒಟ್ಟು ಏರಿಕೆ ಸೊನ್ನೆ ಬಿಂದು ಎಂಟು. ಸಂಖ್ಯೆ ಚಿಕ್ಕದಾಗಿತ್ತು, ಆದರೆ ಸತ್ಯ ಎದ್ದು ನಿಂತಿತ್ತು. ಗಾಜಿನ ಮುಪ್ಪು ಗಾಳಿಯ ಕಥೆಯ ಮೇಲೆ ಇಷ್ಟು ದಿನ ಮುಸುಕು ಹೊದಿಸಿತ್ತು.

ಮುಖ್ಯಸ್ಥರು ಆಹ್ವಾನ ಪತ್ರಿಕೆಯನ್ನು ಎತ್ತಿ ಹಿಡಿದರು. “ಇದರಲ್ಲಿ ಒಂದು ಬಿಂದು ಒಂದು ಅಂತ ಅಚ್ಚಾಗಿ ಹೋಗಿದೆಯಲ್ಲಮ್ಮ. ನಾನೂರು ಪ್ರತಿ.”

ಇದನ್ನು ಕೇಳಿದ ಮೇಷ್ಟ್ರು, “ಅಚ್ಚಾಯ್ತು ಅಂತ ಗಾಳೀಗೂ ಒಂದು ಪ್ರತಿ ಕಳಿಸಿ ಒಪ್ಪಿಸ್ತಾರಂತಾ?” ಎಂದರಂತೆ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಯಾಕಮ್ಮ ಸೋಮವಾರ ಸೊನ್ನೆ ಬಿಂದು ಎಂಟನ್ನೇ ಹೇಳಿದಳು. ಮೊದಲ ಚಿತ್ರದಲ್ಲಿ ಹಳೆಯ ಗೆರೆ, ಎರಡನೆಯದರಲ್ಲಿ ಗಾಜಿನ ಗೆರೆ, ಮೂರನೆಯದರಲ್ಲಿ ಉಳಿದದ್ದು. ಸಭೆ ಗದ್ದಲವಿಲ್ಲದೆ ಕೇಳಿತು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, “ಎಲ್ಲಾ ಸರಿ, ಆ ಮೂವತ್ತೊಂದನ್ನು ನಂಬೋದು ಹೇಗೆ?” ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಮೂರನೇ ಅಂತಸ್ತಿನ ಡಾಕ್ಟರು ಕುಳಿತಲ್ಲಿಂದಲೇ, “ಅದನ್ನ ಸೊನ್ನೆ ಮೇಷ್ಟ್ರು ಬರೆದಿದ್ದಾರೆ ಸ್ವಾಮಿ,” ಎಂದರು. ಸಭೆ ನಕ್ಕಿತು. ಕೇಳಿದವರೂ ನಕ್ಕು ಕುಳಿತರು. ಅದಕ್ಕಿಂತ ದೊಡ್ಡ ಪ್ರಮಾಣ ಆ ಕಟ್ಟಡದಲ್ಲಿರಲಿಲ್ಲ.

ನಗದೆ ಇದ್ದವಳು ಯಾಕಮ್ಮ ಒಬ್ಬಳೇ. ಎಲ್ಲರೂ ಕೈಯನ್ನು ಕಂಡಿದ್ದರು, ಬಾಯನ್ನು ಕೇಳಿದವಳು ಅವಳು. ಮಡಿಸಿದ ಚೀಟಿಯ ಕಾಗದ ತೆಳುವಾಗಿತ್ತು. ದೀಪಕ್ಕೆ ಎದುರಾಗಿ ಮೇಜಿನ ಮೇಲಿತ್ತು. ಸೋದರಸೊಸೆಯ ಮುಖ ಬಾಡಿದ್ದನ್ನು ನೋಡಿ, ಚೀಟಿಯ ಮೂವತ್ತನ್ನೂ ಕಂಡು, ಮಾವ ಡಿಗ್ರಿಯ ನೂರರಲ್ಲಿ ಮೂರು ಪಾಲನ್ನು ಅಕ್ಕರೆಯಿಂದ ಉದುರಿಸಿದ್ದರೆ? ಅದರಿಂದ ಫಲಿತಾಂಶ ಕೆಡುತ್ತಿರಲಿಲ್ಲ. ನೂರರಲ್ಲಿ ಮೂರು ಪಾಲು ಅವಳ ಲೆಕ್ಕದಲ್ಲಿ ಕಾಣಿಸುವುದೂ ಇಲ್ಲ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವಳಿಗಾಗಿ ಒಮ್ಮೆ ಉದುರಿಸಿದ ಕೈ ಇನ್ನಾರಿಗಾಗಿ ಎಷ್ಟು ಉದುರಿಸಿರಬಹುದು? ಮೂರು ಅಂತಸ್ತುಗಳ ಮೂವತ್ತು ಚಿಲ್ಲರೆ ವರ್ಷಗಳ ಫಲಿತಾಂಶಗಳು ಆ ಕೈಯ ಮೇಲೆ ನಿಂತಿದ್ದವು.

ಇನ್ನೊಮ್ಮೆ ಅಳೆದು ನೋಡೋಣವೆಂದರೆ ಅದೂ ಆಗಲಿಲ್ಲ. ಮರುವಾರ ಕಾವಲುಗಾರ ಮಾಪಕವನ್ನು ಮತ್ತೆ ಹಸುಗೂಸಿನಂತೆ ಸುತ್ತಿಕೊಂಡು ಬಸ್ಸು ಹತ್ತಿದ. ಒಂದು ಕ್ಷಣ ಪಕ್ಕದ ಸೀಟಿನ ಮೇಲಿಟ್ಟ. ಹತ್ತಿದ ಭಾರೀ ಗಾತ್ರದ ಪ್ರಯಾಣಿಕರೊಬ್ಬರು ನೋಡದೆ ಅದರ ಮೇಲೆ ಕೂತರು. ನಲವತ್ತೊಂದು ವರ್ಷ ಬಿಸಿಲು ಗಾಳಿ ತಡೆದ ಗಾಜು ಒಂದೇ ಸಲ ಕೂತದ್ದಕ್ಕೆ ಪುಡಿಯಾಯಿತು.

ಯಾಕಮ್ಮನ ಕೆಲಸ ಕಾಯಂ ಆಯಿತು. ಮುಂದಿನ ವರ್ಷಗಳಲ್ಲಿ ಕರಾವಳಿಯ ಇನ್ನೂ ಮೂರು ಕೇಂದ್ರಗಳ ದಾಖಲೆಯಲ್ಲಿ, ಬೇರೆಯವರ ಕೈಯಲ್ಲಿ, ಅದೇ ಸಮತಟ್ಟು ಮತ್ತು ಅದೇ ಏರು ಕಂಡವು. ಮಾವ ನಿವೃತ್ತರಾದರು. ಭಾನುವಾರ ಅವರ ಮನೆಗೆ ಹೋದಾಗಲೆಲ್ಲ ಅಡುಗೆಮನೆಯ ಜಾಡಿ, ಎರಡು ಚೀಟಿ, ಅತ್ತೆಯ ಗೊಣಗಾಟ, ಬೆಣ್ಣೆ ಬನ್ನಿನ ಜಗಳ ಎಲ್ಲವೂ ಎಂದಿನಂತೆ ನಡೆದಿರುತ್ತಿದ್ದವು. ಕೇಳೋಣವೆಂದು ಹಲವು ಸಲ ಹೊರಟಳು. ಅಳೆದೂ ಸುರಿದೂ ಸುಮ್ಮನಾದಳು. ಕೇಳಿದರೆ ಅನುಮಾನಿಸಿದಂತಾಗುತ್ತದೆ, ಅನುಮಾನಿಸುವುದನ್ನು ಕಲಿಸಿದವರೇ ಅವರು. ಅದೇ ಅವಳ ಪೇಚು. ಒಮ್ಮೆ ಮಾತ್ರ ಧೈರ್ಯ ಮಾಡಿ, “ಮಾವ, ಯಾರಿಗಾದ್ರೂ ಪಾಪ ಅನ್ನಿಸಿ ಒಂದು ಸಂಖ್ಯೆ ಬದಲಾಯಿಸಿದ್ದೀರಾ?” ಎಂದಿದ್ದಳು.

“ಪಾಪ ಅನ್ನಿಸಿದವರಿಗೆ ಚಹಾ ಕೊಡಿಸಿದ್ದೀನಿ,” ಎಂದಿದ್ದರು ಅವರು.

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಊಟವಾದ ಮೇಲೆ ಒರಗು ಕುರ್ಚಿಯಲ್ಲಿ ಪತ್ರಿಕೆ ಎದೆಯ ಮೇಲಿಟ್ಟು ಮಲಗಿದ ಮೇಷ್ಟ್ರು ಏಳಲಿಲ್ಲ. ಯಾರಿಗೂ ತೊಂದರೆ ಕೊಡದ, ಅಚ್ಚುಕಟ್ಟಾದ ಸಾವು. ಡಾಕ್ಟರು ಬಂದು ನೋಡಿ, ಅತ್ತ ಕಣ್ಣಲ್ಲೇ, “ಇವರ ಸೊನ್ನೆ ಇವರೇ ಸರಿ ಮಾಡ್ಕೊಂಡ್ರು,” ಎಂದರು.

ಕೆಲವು ತಿಂಗಳ ಮೇಲೆ ನೆಲಮಾಳಿಗೆಯನ್ನು ತೆರವು ಮಾಡುವ ಆದೇಶ ಬಂತು. ಗಾಜಿನ ಕಡ್ಡಿಗಳ ಜಾಗಕ್ಕೆ ತಂತಿಯ ಮಾಪಕಗಳು ಬಂದಾಗಿತ್ತು. ಡ್ರಾಯರುಗಳಲ್ಲಿ ಉಳಿಸಬೇಕಾದ ಕಾರ್ಡು ಯಾವುದು, ಎಸೆಯಬೇಕಾದದ್ದು ಯಾವುದು ಎಂದು ನೋಡುವ ಕೆಲಸ ಯಾಕಮ್ಮನ ಪಾಲಿಗೆ ಬಿತ್ತು. ಒಂಟಿಯಾಗಿ ಹೋಗಲು ಮನಸ್ಸಾಗದೆ ಅತ್ತೆಯನ್ನೂ ಕರೆದಳು.

“ಐದು ವರ್ಷ ಆಗಿ ಎಷ್ಟೋ ಕಾಲ ಆಯ್ತಲ್ಲ, ಪ್ರವಾಸದ ಸರದಿ ಬಂತು,” ಎಂದು ಅತ್ತೆ ಮೊಳಕಾಲು ಹಿಡಿದುಕೊಂಡು ಹದಿನಾಲ್ಕು ಮೆಟ್ಟಿಲಿಳಿದರು. “ಬನ್ನು ಯಾರು ಕೊಡಿಸ್ತಾರೆ?”

“ನಾನೇ ಕೊಡಿಸ್ತೀನಿ ಅತ್ತೆ.”

“ಬೆಣ್ಣೆ ಹಾಕ್ಸು ಮತ್ತೆ.”

ಕಾರ್ಡುಗಳು ಅಕ್ಷರದ ಅನುಕ್ರಮದಲ್ಲಿದ್ದವು. ಮೊದಲ ಡ್ರಾಯರಿನ ಮೊದಲ ಕಾರ್ಡು ‘ಅಡುಗೆಮನೆ’. ಅತ್ತೆ ಗುರುತು ಹಿಡಿದರು, ಅದು ಅವರ ಮನೆಯ ಭಾನುವಾರದ ಮಾಪಕ. ಅದರ ಹಿಂದೆಯೇ ಇನ್ನೊಂದು. ತಲೆಬರಹ ‘ಅವಳು’. ಅದರಲ್ಲಿ ಎಂಟು ಸಾಲುಗಳು, ಐದೈದು ವರ್ಷಗಳ ಅಂತರದ ಎಂಟು ತಾರೀಖುಗಳು. ‘ಭೌತಶಾಸ್ತ್ರದ ದುರ್ಬೀನಿನೊಂದಿಗೆ ಹೋಲಿಕೆ, ಐವತ್ತು ಓದು. ತಿದ್ದುಪಡಿ: ಸೊನ್ನೆ.’ ಎಂಟರಲ್ಲಿ ಏಳು ಸಾಲಿಗೂ ಸೊನ್ನೆ. ಒಂದಕ್ಕೆ ಮಾತ್ರ ‘ಕಳೆ, ಒಂದು’ ಎಂದಿದ್ದು, ಪಕ್ಕದಲ್ಲಿ ಪೆನ್ಸಿಲಿನಿಂದ, ‘ಹೊಸ ಕನ್ನಡಕದ ನಂತರ ಮತ್ತೆ ಸೊನ್ನೆ’ ಎಂಬ ಟಿಪ್ಪಣಿ.

ಅತ್ತೆ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಎರಡು ಸಲ ಓದಿದರು. “ಅಂದ್ರೆ ಏನೇ ಇದು?”

“ನಿಮ್ಮ ಕಣ್ಣಲ್ಲಿ ತಪ್ಪೇ ಇಲ್ಲ ಅಂತ.”

“ಇದನ್ನ ಇವರು ಮೊದಲೇ ತೋರಿಸಿದ್ರೆ ನಲವತ್ತು ವರ್ಷದ ಜಗಳ ಉಳೀತಿತ್ತು,” ಎಂದು ಅತ್ತೆ ನಕ್ಕರು. ನಗುತ್ತಲೇ ಸೆರಗಿನಿಂದ ಕನ್ನಡಕ ಒರೆಸಿದರು. “ಅಲ್ಲ, ನನ್ನ ಕಣ್ಣು ಕಟ್ಕೊಂಡು ಇವರಿಗೇನಾಗಬೇಕಿತ್ತು?”

ಇಬ್ಬರೂ ಡ್ರಾಯರಿನ ನಂತರ ಡ್ರಾಯರು ತೆಗೆದರು. ಆಸ್ಪತ್ರೆ, ಕಡಲು, ಗಾಳಿಗೋಪುರ, ತೊಟ್ಟಿ. ಮಧ್ಯೆ ಕ್ಯಾಂಟೀನಿನಿಂದ ಬನ್ನು ಬಂತು. ನಾಲ್ಕನೆಯ ಡ್ರಾಯರಿನಲ್ಲಿ, ‘ನೀರಿನ ಕೊಳವೆ’ ಎಂಬ ಕಾರ್ಡಿಗಿಂತ ಮೊದಲು, ಅಂಚು ಸವೆದ, ಬೇರೆಲ್ಲವಕ್ಕಿಂತ ದಪ್ಪನೆಯ ಒಂದು ಕಟ್ಟು ಸಿಕ್ಕಿತು. ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಬೀಗವಿಲ್ಲದ ಡ್ರಾಯರಿನಲ್ಲಿ, ಇರಬೇಕಾದ ಜಾಗದಲ್ಲೇ ಅಷ್ಟೂ ವರ್ಷ ಇತ್ತು. ಮಾಪಕವಲ್ಲದ ಹೆಸರನ್ನು ಅಲ್ಲಿ ಹುಡುಕಬೇಕೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೇ.

ಎರಡು ಗೆರೆಗಳ ನಡುವಿನ ಜಾಗವನ್ನು ಕಣ್ಣಳತೆಯಲ್ಲಿ ಹತ್ತು ಪಾಲು ಮಾಡುವಾಗ ಪ್ರತಿಯೊಬ್ಬರ ಕಣ್ಣೂ ಒಂದು ಕಡೆಗೆ ತುಸು ವಾಲುತ್ತದೆ. ನಕ್ಷತ್ರ ನೋಡುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ವಾಲುತ್ತದೆಂದು ತಿಳಿದ ಮಾತ್ರಕ್ಕೆ ವಾಲುವುದು ನಿಲ್ಲುವುದಿಲ್ಲ. ಬೇರೊಂದು ಕಣ್ಣಿನ ಜೊತೆ ಹೋಲಿಸಿ, ಎಷ್ಟೆಂದು ಅಳೆದು, ಪ್ರತಿ ಸಲವೂ ಕಳೆಯಬೇಕು.

ಕಟ್ಟಿನ ತಲೆಬರಹ ‘ನಾನು’. ಕೆಳಗೆ, ‘ಬಗೆ: ಕಣ್ಣು. ಹೋಲಿಕೆ: ಪ್ರತಿ ಭಾನುವಾರ; ‘ಅವಳು’ ಕಾರ್ಡು ನೋಡಿ.’ ಮೊದಲ ವರ್ಷದ ತಿದ್ದುಪಡಿ, ಡಿಗ್ರಿಯ ನೂರನೇ ಪಾಲುಗಳಲ್ಲಿ, ‘ಕಳೆ, ಒಂದು’. ವಯಸ್ಸಾದಂತೆ ಅದು ಎರಡಾಗಿತ್ತು. ಯಾಕಮ್ಮ ಹಾಳೆಗಳನ್ನು ತಿರುವಿ, ತಾನು ಬಂದರಿನ ಮಾಪಕ ತಂದ ವರ್ಷವನ್ನು, ಆ ತಿಂಗಳನ್ನು, ಆ ಬುಧವಾರದ ಹಿಂದಿನ ಭಾನುವಾರವನ್ನು ಹುಡುಕಿದಳು. ಅವಳು ಹುಟ್ಟುವ ಮೊದಲಿನಿಂದಲೂ ಬದಲಾಗದ ಅಕ್ಷರದಲ್ಲಿ, ಅಂದು ಹೀಗೆ ಬರೆದಿತ್ತು: ‘ಹೆಚ್ಚು ಓದುತ್ತಿದೆ. ಕಳೆ, ಮೂರು.’